ಚಪ್ಪಾಳೆಯಿಂದ ಶಬ್ದದ ವೇಗ, ಪೈಪಿನಿಂದ ಕಿವಿಯ ಚುರುಕು

ಶಬ್ದದ ವೇಗ ಎಷ್ಟು ಎಂದು ಹೈಸ್ಕೂಲಿನ ಯಾವ ಮಗುವನ್ನು ಕೇಳಿದರೂ ‘ಸೆಕೆಂಡಿಗೆ ಸುಮಾರು 340 ಮೀಟರ್’ ಎಂಬ ಉತ್ತರ ಥಟ್ಟನೆ ಬರುತ್ತದೆ. ಅದನ್ನು ಅಳೆದು ನೋಡಿದ್ದೀಯಾ ಎಂದು ಕೇಳಿದರೆ ಮಾತ್ರ ಮಗು ನಮ್ಮ ಮುಖವನ್ನೇ ನೋಡುತ್ತದೆ. ಇಂಥದ್ದಕ್ಕೆಲ್ಲ ಪ್ರಯೋಗಶಾಲೆ ಬೇಕು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ನಿಜಕ್ಕೂ ಬೇಕಾದದ್ದು ಒಂದು ದೊಡ್ಡ ಗೋಡೆ, ಅಳತೆ ಟೇಪು, ಮೊಬೈಲಿನ ಸ್ಟಾಪ್‌ವಾಚ್ ಮತ್ತು ಜೊತೆಗೊಬ್ಬರು. ಹಾರ್ಡ್‌ವೇರ್ ಅಂಗಡಿಯಿಂದ ಒಂದೂವರೆ ಮೀಟರ್ ಪ್ಲಾಸ್ಟಿಕ್ ಪೈಪು ತಂದುಕೊಂಡರೆ ಆ ಶಬ್ದವನ್ನು ಹಿಡಿಯುವ ಕಿವಿ ಎಷ್ಟು ಸೂಕ್ಷ್ಮ ಎಂಬುದನ್ನೂ ಅದೇ ದಿನ ಅಳೆಯಬಹುದು.

ಮೊದಲು ಗೋಡೆ

ಶಾಲೆಯ ಮೈದಾನಕ್ಕೆ ಮುಖ ಮಾಡಿರುವ ಎರಡಂತಸ್ತಿನ ಕಟ್ಟಡ, ಗೋದಾಮು, ಕಲ್ಯಾಣ ಮಂಟಪದ ಪಕ್ಕದ ಗೋಡೆ ಯಾವುದಾದರೂ ಸರಿ. ಮುಂದೆ ಮರಗಳಿರಬಾರದು, ಉಳಿದ ಮೂರೂ ಕಡೆ ಬಯಲಿರಬೇಕು. ಇಲ್ಲದಿದ್ದರೆ ಹಲವು ಪ್ರತಿಧ್ವನಿಗಳು ಬಂದು ಗೊಂದಲವಾಗುತ್ತದೆ. ವಾಹನಗಳ ಸದ್ದು ಕಡಿಮೆಯಿರುವ ಬೆಳಗಿನ ಹೊತ್ತು ಒಳ್ಳೆಯದು.

ಗೋಡೆಗೆ ತೀರಾ ಹತ್ತಿರ ನಿಂತರೆ ಪ್ರತಿಧ್ವನಿ ಬೇರೆಯಾಗಿ ಕೇಳುವುದಿಲ್ಲ. ಪಠ್ಯಪುಸ್ತಕಗಳು ಇದಕ್ಕೆ 17 ಮೀಟರಿನ ಗಡಿ ಹಾಕುತ್ತವೆ. ಈ ಮಿತಿ ಗೋಡೆಯದ್ದಲ್ಲ, ನಮ್ಮ ಮಿದುಳಿನದ್ದು. ಒಂದೇ ಸದ್ದು ಬಹಳ ಕಡಿಮೆ ಅಂತರದಲ್ಲಿ ಎರಡು ಸಲ ಬಂದರೆ ಮಿದುಳು ಅವೆರಡನ್ನೂ ಬೆಸೆದು ಒಂದೇ ಎಂದು ಕೇಳಿಸುತ್ತದೆ. ಇದು ದೊಡ್ಡ ಉಪಕಾರ. ಈ ಬೆಸುಗೆ ಇಲ್ಲದಿದ್ದರೆ ನಾಲ್ಕು ಗೋಡೆಗಳ ಕೋಣೆಯಲ್ಲಿ ಆಡಿದ ಒಂದೊಂದು ಮಾತೂ ನಾಲ್ಕಾರು ಸಲ ಕೇಳಿಸುತ್ತಿತ್ತು.

ನಮ್ಮ ಅಳತೆಗೆ 60 ಮೀಟರ್ ದೂರ ಹಿತವಾದದ್ದು.

ಈಗ ಚಪ್ಪಾಳೆ

1. ಗೋಡೆಯಿಂದ ನೇರವಾಗಿ 60 ಮೀಟರ್ ಅಳೆದು ಗುರುತು ಹಾಕಿ. ಹೆಜ್ಜೆ ಲೆಕ್ಕ ಬೇಡ. ದೂರದಲ್ಲಿ ನೂರಕ್ಕೆ ಐದು ತಪ್ಪಿದರೆ ಉತ್ತರದಲ್ಲೂ ನೂರಕ್ಕೆ ಐದು ತಪ್ಪುತ್ತದೆ.

2. ಜೋರಾಗಿ ಒಂದು ಚಪ್ಪಾಳೆ ತಟ್ಟಿ ಪ್ರತಿಧ್ವನಿಯನ್ನು ಕೇಳಿ. ಎರಡು ಮರದ ತುಂಡುಗಳನ್ನು ಬಡಿದರೆ ಸದ್ದು ಇನ್ನೂ ಚೂಪಾಗಿರುತ್ತದೆ. ತಾಳ, ಗಂಟೆ ಬೇಡ. ಅವುಗಳ ಗುಂಯ್‌ಗುಡುವಿಕೆಯಲ್ಲಿ ಪ್ರತಿಧ್ವನಿ ಮುಳುಗಿಹೋಗುತ್ತದೆ.

3. ಇನ್ನು ಒಂದೇ ಲಯದಲ್ಲಿ ತಟ್ಟುತ್ತಾ ಹೋಗಿ. ಎರಡು ಚಪ್ಪಾಳೆಗಳ ನಟ್ಟನಡುವೆ ಪ್ರತಿಧ್ವನಿ ಬೀಳುವಂತೆ ವೇಗವನ್ನು ಹೊಂದಿಸಿಕೊಳ್ಳಿ. ತಟ್ಟುವುದು ಅವಸರವಾದರೆ ಪ್ರತಿಧ್ವನಿ ಮುಂದಿನ ಚಪ್ಪಾಳೆಗೆ ಅಂಟಿಕೊಳ್ಳುತ್ತದೆ, ನಿಧಾನವಾದರೆ ಹಿಂದಿನದಕ್ಕೆ. ಸಂಗೀತ ಕಲಿತವರಿಗೆ ಇದು ಸಲೀಸು: ಎಣಿಕೆಯ ಮೇಲೆ ಚಪ್ಪಾಳೆ, ಅರೆ ಎಣಿಕೆಯಲ್ಲಿ ಗೋಡೆಯ ಉತ್ತರ.

4. ಲಯ ಕೂತ ಮೇಲೆ ಜೊತೆಗಾರರು ಒಂದು ಚಪ್ಪಾಳೆಗೆ ಸರಿಯಾಗಿ ‘ಸೊನ್ನೆ’ ಎನ್ನುತ್ತಾ ಸ್ಟಾಪ್‌ವಾಚ್ ಒತ್ತಬೇಕು, 20ನೆಯದಕ್ಕೆ ನಿಲ್ಲಿಸಬೇಕು. ಹೆಚ್ಚಿನವರು ‘ಒಂದು’ ಎಂದೇ ಎಣಿಕೆ ಶುರು ಮಾಡುತ್ತಾರೆ. ಹಾಗೆ ಮಾಡಿದರೆ ಸಿಗುವುದು 19 ಅಂತರಗಳು ಮಾತ್ರ, ಲೆಕ್ಕ ಕೆಡುತ್ತದೆ.

5. ಕೆಲವು ಸಲ ಮಾಡಿ ಸರಾಸರಿ ತೆಗೆಯಿರಿ.

ಲೆಕ್ಕ ಹೀಗೆ. ಚಪ್ಪಾಳೆಯ ಸದ್ದು ಗೋಡೆಗೆ ಹೋಗಿ ಮರಳಲು 120 ಮೀಟರ್ ಸಾಗಬೇಕು. ಅದು ಮರಳುವುದು ಅಂತರದ ಅರ್ಧದಲ್ಲಿ. ಅಂದರೆ ಒಂದು ಪೂರ್ತಿ ಅಂತರದಲ್ಲಿ ಶಬ್ದ 240 ಮೀಟರ್ ಹೋಗಬಲ್ಲದು, 20 ಅಂತರಗಳಲ್ಲಿ 4800 ಮೀಟರ್. ಸ್ಟಾಪ್‌ವಾಚ್ 13.8 ಸೆಕೆಂಡ್ ತೋರಿಸಿದರೆ 4800 ಅನ್ನು 13.8ರಿಂದ ಭಾಗಿಸಿ: ಸೆಕೆಂಡಿಗೆ ಸುಮಾರು 348 ಮೀಟರ್.

ಇಪ್ಪತ್ತು ಸಲ ಯಾಕೆ? ಗುಂಡಿ ಒತ್ತುವ ಬೆರಳು ಸೆಕೆಂಡಿನ ಹತ್ತರಲ್ಲಿ ಒಂದೆರಡು ಪಾಲು ಹಿಂದೆಮುಂದೆ ಆಗಿಯೇ ಆಗುತ್ತದೆ. ಒಂದೇ ಅಂತರವನ್ನು ಅಳೆದರೆ ಆ ತಪ್ಪು ಉತ್ತರವನ್ನೇ ನುಂಗುತ್ತದೆ, 20 ಅಂತರಗಳಿಗೆ ಹಂಚಿದರೆ ಗಣನೆಗೆ ಬಾರದಷ್ಟಾಗುತ್ತದೆ. ಗಾಳಿ ಬೀಸುತ್ತಿದ್ದರೂ ಹೆಚ್ಚು ಚಿಂತೆಯಿಲ್ಲ. ಹೋಗುವಾಗ ಸಿಕ್ಕ ಲಾಭ ಬರುವಾಗ ಬಹುಪಾಲು ಕಳೆದುಹೋಗುತ್ತದೆ.

ನಿಮಗೆ 340ರ ಬದಲು 348 ಬಂದರೆ ತಪ್ಪಾಯಿತು ಎಂದುಕೊಳ್ಳಬೇಡಿ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 331 ಮೀಟರ್. ಉಷ್ಣತೆ ಒಂದೊಂದು ಡಿಗ್ರಿ ಏರಿದಂತೆ ವೇಗವೂ ಸುಮಾರು 0.6 ಮೀಟರ್ ಏರುತ್ತದೆ. 28 ಡಿಗ್ರಿ ಇರುವ ದಿನ ಬರಬೇಕಾದದ್ದೇ 348. ಶಬ್ದ ಹೋಗುವಾಗ ಗಾಳಿಯ ಕಣಗಳು ಚಪ್ಪಾಳೆಯಿಂದ ಗೋಡೆಯವರೆಗೆ ಓಡುವುದಿಲ್ಲ. ಇದ್ದಲ್ಲೇ ಹಿಂದೆಮುಂದೆ ಸರಿದು ಒತ್ತಡವನ್ನು ಪಕ್ಕದ ಕಣಗಳಿಗೆ ದಾಟಿಸುತ್ತವೆ. ಬಿಸಿ ಗಾಳಿಯಲ್ಲಿ ಕಣಗಳೇ ಚುರುಕಾಗಿರುವುದರಿಂದ ಈ ದಾಟಿಸುವಿಕೆಯೂ ಚುರುಕು.

ಪ್ರತಿಧ್ವನಿಯ ಈ ದಾರಿಯನ್ನು ನ್ಯೂಟನ್ನನೂ ಹಿಡಿದಿದ್ದ. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಉದ್ದನೆಯ ಮೊಗಸಾಲೆಯಲ್ಲಿ ಸದ್ದು ಮಾಡಿ, ಲೋಲಕದ ತೂಗಾಟಕ್ಕೆ ಪ್ರತಿಧ್ವನಿಯನ್ನು ಹೋಲಿಸಿ ನೋಡಿದ. ಶಬ್ದದ ವೇಗವನ್ನು ಸಿದ್ಧಾಂತದಿಂದಲೂ ಲೆಕ್ಕ ಹಾಕಿದ. ಆ ಲೆಕ್ಕದ ಉತ್ತರ ನಿಜವಾದ ವೇಗಕ್ಕಿಂತ ನೂರಕ್ಕೆ ಸುಮಾರು 15ರಷ್ಟು ಕಡಿಮೆಯಿತ್ತು. ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗುತ್ತದೆ. ಶಬ್ದದ ಕಂಪನ ಎಷ್ಟು ಬೇಗ ನಡೆಯುತ್ತದೆಂದರೆ ಆ ಬಿಸಿ ಹರಡಿಹೋಗಲು ಸಮಯವೇ ಸಿಗುವುದಿಲ್ಲ. ನ್ಯೂಟನ್ ಬಿಟ್ಟಿದ್ದ ಈ ಅಂಶವನ್ನು ಲೆಕ್ಕಕ್ಕೆ ಸೇರಿಸಿದವನು ಫ್ರಾನ್ಸಿನ ಲಾಪ್ಲಾಸ್, 1816ರಲ್ಲಿ. ಅಳತೆ ಮಾಡಿದವರು ಇದ್ದುದರಿಂದಲೇ ಅಷ್ಟು ದೊಡ್ಡ ಗಣಿತಜ್ಞನ ಲೆಕ್ಕದಲ್ಲಿದ್ದ ಕೊರತೆ ಬೆಳಕಿಗೆ ಬಂತು. ಮಕ್ಕಳಿಗೆ 340 ಎಂಬ ಸಂಖ್ಯೆಗಿಂತ ಈ ಕಥೆಯನ್ನು ಮೊದಲು ಹೇಳಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಪೈಪಿನ ಪ್ರಯೋಗ

ಮೈದಾನದಿಂದ ಮನೆಗೆ ಬನ್ನಿ. ಗಾರೆ ಮೇಸ್ತ್ರಿಗಳು ನೀರು ತುಂಬಿಸಿ ಮಟ್ಟ ನೋಡುತ್ತಾರಲ್ಲ, ಆ ಪಾರದರ್ಶಕ ಪೈಪು ಇದಕ್ಕೆ ಹೇಳಿ ಮಾಡಿಸಿದ್ದು. ಒಂದೂವರೆ ಮೀಟರ್ ಉದ್ದಕ್ಕೆ ಕತ್ತರಿಸಿ, ನಟ್ಟನಡುವೆ ಗುರುತು ಹಾಕಿ, ಅಲ್ಲಿಂದ ಎರಡೂ ಕಡೆಗೆ ಒಂದೊಂದು ಸೆಂಟಿಮೀಟರಿಗೆ ಗೆರೆ ಎಳೆಯಿರಿ. ಕೇಳುವವರು ಪೈಪನ್ನು ಬೆನ್ನ ಹಿಂದೆ ಇಳಿಬಿಟ್ಟು, ಎರಡು ತುದಿಗಳನ್ನು ಎರಡು ಕಿವಿಗಳ ಬಾಯಿಗೆ ಹಿಡಿಯಬೇಕು. ಒಳಕ್ಕೆ ತುರುಕಬಾರದು. ಪೈಪಿನೊಳಗೆ ಊದುವುದು, ಕೂಗುವುದು ಕಿವಿಗೆ ಅಪಾಯ. ಮಕ್ಕಳಿಗೆ ಇದನ್ನು ಮೊದಲೇ ಕಟ್ಟುನಿಟ್ಟಾಗಿ ಹೇಳಿ.

ಹಿಂದೆ ನಿಂತವರು ಪೆನ್ನಿನ ತುದಿಯಿಂದ ಪೈಪನ್ನು ಮೆಲ್ಲಗೆ ತಟ್ಟಲಿ. ನಡುವಿನಿಂದ ಎಡಕ್ಕೋ ಬಲಕ್ಕೋ ಎಂಬುದನ್ನು ಪ್ರತಿ ಸಲವೂ ನಾಣ್ಯ ಚಿಮ್ಮಿ ತೀರ್ಮಾನಿಸಲಿ. ಕೇಳುವವರು ಕಣ್ಣು ಮುಚ್ಚಿ ‘ಎಡ’, ‘ಬಲ’ ಎನ್ನಬೇಕು. ಹತ್ತು ಸೆಂಟಿಮೀಟರ್ ದೂರದಿಂದ ಆರಂಭಿಸಿ, ಐದು, ಮೂರು, ಎರಡು, ಒಂದು ಎಂದು ಒಳಗೆ ಬನ್ನಿ. ಒಂದೊಂದು ದೂರದಲ್ಲೂ 20 ಸಲ ತಟ್ಟಿ. ಬರೀ ಊಹೆ ಮಾಡಿದರೂ 10ರ ಆಸುಪಾಸು ಸರಿಯಾಗುವುದರಿಂದ, 15 ಅಥವಾ ಅದಕ್ಕಿಂತ ಹೆಚ್ಚು ಸರಿಯಿದ್ದರೆ ಮಾತ್ರ ‘ಗೊತ್ತಾಗುತ್ತಿದೆ’ ಎಂದು ಬರೆದುಕೊಳ್ಳಿ.

ಒಂದು ಸೆಂಟಿಮೀಟರ್ ಎಡಕ್ಕೆ ತಟ್ಟಿದಾಗ ಎಡಗಿವಿಯ ದಾರಿ ಒಂದು ಸೆಂಟಿಮೀಟರ್ ಕುಗ್ಗುತ್ತದೆ, ಬಲಗಿವಿಯದ್ದು ಅಷ್ಟೇ ಹಿಗ್ಗುತ್ತದೆ. ವ್ಯತ್ಯಾಸ ಎರಡು ಸೆಂಟಿಮೀಟರ್. ಮೈದಾನದಲ್ಲಿ ಸಿಕ್ಕ ವೇಗದಿಂದಲೇ ಭಾಗಿಸಿ ನೋಡಿ: ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಸುಮಾರು 58 ಪಾಲು. ನಿಮ್ಮ ಸ್ಟಾಪ್‌ವಾಚ್ ಸೆಕೆಂಡಿನ ನೂರನೆಯ ಪಾಲಿಗೇ ನಿಲ್ಲುತ್ತದೆ. ಒಳ್ಳೆಯ ಕಿವಿಗಳು ಪ್ರಯೋಗಶಾಲೆಯಲ್ಲಿ ಹತ್ತು ಲಕ್ಷದಲ್ಲಿ 10 ಪಾಲಿನಷ್ಟು ವ್ಯತ್ಯಾಸವನ್ನೂ ಹಿಡಿಯುತ್ತವೆ. ಎರಡೂ ಕಡೆಯ ಸಂಕೇತಗಳು ಮಿದುಳುಕಾಂಡದಲ್ಲಿ ಸೇರುತ್ತವೆ. ಯಾವುದು ಮೊದಲು ಬಂತು ಎಂಬ ತೀರ್ಪು ನಮ್ಮ ಅರಿವಿಗೆ ಬರುವ ಮುನ್ನವೇ ಆಗಿರುತ್ತದೆ. ಪೈಪಿಲ್ಲದೆ ನಾವು ದಿನವೂ ಮಾಡುವುದೂ ಇದನ್ನೇ. ಪಕ್ಕದಿಂದ ಬಂದ ಹಾರ್ನ್ ದೂರದ ಕಿವಿಗೆ ತಲುಪುವುದು ಹೆಚ್ಚೆಂದರೆ ಸೆಕೆಂಡಿನ ಸಾವಿರದಲ್ಲಿ 0.7 ಪಾಲು ತಡವಾಗಿ. ರಸ್ತೆ ದಾಟುವವರಿಗೆ ಅಷ್ಟು ಸಾಕು.

ಸಮಯದ ಈ ಉಪಾಯ ಹೆಚ್ಚಾಗಿ ತಗ್ಗು ಸ್ಥಾಯಿಯ ಸದ್ದುಗಳಿಗೆ. ಏರು ಸ್ಥಾಯಿಯ ಸದ್ದುಗಳಿಗೆ ತಲೆಯೇ ಅಡ್ಡಬಂದು ದೂರದ ಕಿವಿಯಲ್ಲಿ ಸದ್ದು ಕುಗ್ಗುತ್ತದೆ, ಮಿದುಳು ಆ ವ್ಯತ್ಯಾಸವನ್ನು ಓದುತ್ತದೆ. ಇಂಗ್ಲೆಂಡಿನ ಲಾರ್ಡ್ ರೇಲಿ 1907ರಲ್ಲಿ ಈ ಎರಡು ದಾರಿಗಳನ್ನು ವಿವರಿಸಿದ. ನೇರ ಮುಂದೆ ಮತ್ತು ನೇರ ಹಿಂದೆ ಆದ ಸದ್ದಿಗೆ ಎರಡೂ ಉಪಾಯಗಳು ಸೋಲುತ್ತವೆ. ಆಗ ನೆರವಿಗೆ ಬರುವುದು ಹೊರಕಿವಿಯ ಮಡಿಕೆಗಳು ಮತ್ತು ಕತ್ತು ತಿರುಗಿಸುವ ಅಭ್ಯಾಸ. ಕಣ್ಣು ಕಟ್ಟಿ, ತಲೆ ಅಲ್ಲಾಡದಂತೆ ಕೂರಿಸಿ, ಮುಂದೆ ಹಿಂದೆ ಬೆರಳು ಚಿಟಿಕೆ ಹೊಡೆದು ಪರೀಕ್ಷಿಸಿ.

ಕಿವಿಯೊಳಗಿನ ದಾರಿ

ಪೈಪಿನಿಂದ ಬಂದ ಒತ್ತಡ ಕಿವಿತಮಟೆಯನ್ನು ನಡುಗಿಸುತ್ತದೆ. ಹಿಂದೆಯೇ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳಿವೆ. ತಮಟೆಯ ಅಗಲದ ಮೇಲೆ ಬಿದ್ದ ಬಲವನ್ನು ಅವು ತೀರ ಚಿಕ್ಕ ಕಿಂಡಿಯ ಮೇಲೆ ಒಟ್ಟುಗೂಡಿಸುವುದರಿಂದ ಒತ್ತಡ ಸುಮಾರು 20 ಪಟ್ಟು ಹೆಚ್ಚುತ್ತದೆ. ಮುಂದಿನದು ದ್ರವ ತುಂಬಿದ ಕಾಕ್ಲಿಯ. ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಇದನ್ನು ಬಿಡಿಸಿದರೆ ಸುಮಾರು 35 ಮಿಲಿಮೀಟರ್ ಉದ್ದ. ಏರು ಸ್ವರಗಳು ಇದರ ಬಾಗಿಲ ಬಳಿಯೂ ತಗ್ಗು ಸ್ವರಗಳು ಒಳತುದಿಯಲ್ಲೂ ಪೊರೆಯನ್ನು ಹೆಚ್ಚು ಅಲುಗಿಸುತ್ತವೆ. ಇದನ್ನು ತೋರಿಸಿಕೊಟ್ಟ ಗೇಯಾರ್ಗ್ ಫಾನ್ ಬೇಕೇಶಿಗೆ 1961ರ ನೊಬೆಲ್ ಬಂತು. ಅಲುಗಾಟವನ್ನು ನರದ ಸಂಕೇತವಾಗಿಸುವುದು ರೋಮಕೋಶಗಳು. ಒಂದು ಕಿವಿಯಲ್ಲಿ ಅವು ಹದಿನೈದು ಸಾವಿರದಷ್ಟಿವೆ, ಮನುಷ್ಯರಲ್ಲಿ ಸತ್ತವು ಮತ್ತೆ ಹುಟ್ಟುವುದಿಲ್ಲ. ಡಿ.ಜೆ. ಸ್ಪೀಕರುಗಳ ಮುಂದೆ ಮಕ್ಕಳನ್ನು ನಿಲ್ಲಿಸುವ ಹಿರಿಯರು ಇದನ್ನು ತಿಳಿದಿರಲೇಬೇಕು.

ಪೈಪಿನ ಪ್ರಯೋಗದಲ್ಲಿ ಉತ್ತರಗಳು ಎರಡೂ ಕಡೆಗೆ ಸಮನಾಗಿ ತಪ್ಪಿದರೆ ಅದು ಸಹಜ. ಯಾರಾದರೂ ನಡುವೆ ತಟ್ಟಿದಾಗಲೂ ಮತ್ತೆ ಮತ್ತೆ ಒಂದೇ ಕಡೆಯನ್ನು ಹೇಳುತ್ತಿದ್ದರೆ ಪೈಪನ್ನು ತಿರುವಿ ಹಿಡಿದು, ತುದಿಗಳು ಸರಿಯಾಗಿವೆಯೇ ನೋಡಿ ಇನ್ನೊಮ್ಮೆ ಮಾಡಿ. ಆಗಲೂ ಹಾಗೇ ಆದರೆ ಒಂದು ಕಿವಿಯಲ್ಲಿ ಗುಗ್ಗೆ ಕಟ್ಟಿರಬಹುದು ಅಥವಾ ಶ್ರವಣ ಕುಗ್ಗಿರಬಹುದು. ಕಡ್ಡಿ, ಪಿನ್ನು ಹಾಕಿ ಕೆದಕದೆ ಕಿವಿ ವೈದ್ಯರಲ್ಲಿಗೆ ಕರೆದೊಯ್ಯಿರಿ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲೂ ಶ್ರವಣ ಪರೀಕ್ಷೆ ಮಾಡುತ್ತಾರೆ.