ಕೆಲಸ ಬಿಟ್ಟು ಊರಿಗೆ ಬರುವ ಮುಂಚೆ ಅಡಿಕೆ ಹಾಳೆಯ ಲೆಕ್ಕ ಕಲಿಯಿರಿ

ಬೆಂಗಳೂರಿನಲ್ಲಿ ಕೈತುಂಬ ಸಂಬಳ. ಆದರೂ ಭಾನುವಾರ ಸಂಜೆಯಾದರೆ ಹೊಟ್ಟೆಯೊಳಗೆ ಏನೋ ಸಂಕಟ. ಈ ದುಡಿಮೆಗೆ ಏನಾದರೂ ಅರ್ಥ ಇದೆಯಾ ಅನ್ನುವ ಪ್ರಶ್ನೆ. ಊರಿಗೆ ಹೋಗಿ, ಬೆಳೆಯುತ್ತಿರುವ ಸಣ್ಣ ಉದ್ದಿಮೆಗಳಿಗೆ ಸಲಹೆ ಕೊಟ್ಟುಕೊಂಡು ಇರೋಣ ಅನ್ನಿಸುತ್ತದೆ, ಅಲ್ವಾ? ನನಗೂ ಅನ್ನಿಸಿತ್ತು. 11 ವರ್ಷ ಕಂಪನಿಯೊಂದರ ಲೆಕ್ಕಪತ್ರ ನೋಡಿಕೊಂಡಿದ್ದವನು ಈಗ ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿದ್ದೇನೆ. ಎಡವಿದ್ದನ್ನೂ ಸೇರಿಸಿಯೇ ಹೇಳುತ್ತೇನೆ.

ರಾಜೀನಾಮೆ ಆಮೇಲೆ, ಮೊದಲು ರೈಲು

ಶುಕ್ರವಾರ ರಾತ್ರಿ ತಾಳಗುಪ್ಪ ರೈಲು ಹತ್ತಿದರೆ ಶನಿವಾರ ಬೆಳಿಗ್ಗೆ ಸಾಗರ. ಭಾನುವಾರ ರಾತ್ರಿ ವಾಪಸ್. ಆರು ತಿಂಗಳು ಹೀಗೆ ಓಡಾಡಿ, ಒಂದೇ ಒಂದು ಉದ್ದಿಮೆಯ ಜೊತೆ ಕೂರಿ. ಆ ಆರು ತಿಂಗಳಲ್ಲಿ ಜುಲೈ ಇರಲೇಬೇಕು. ಡಿಸೆಂಬರಿನಲ್ಲಿ ಬಂದವರಿಗೆಲ್ಲ ಮಲೆನಾಡು ಚಂದವೇ. ಜಡಿಮಳೆಯಲ್ಲಿ, ಕರೆಂಟಿಲ್ಲದೆ, ಬೂಷ್ಟು ಹಿಡಿದ ಸರಕಿನ ಮುಂದೆ ಕೂತಾಗಲೂ ಈ ಕೆಲಸ ಬೇಕು ಅನ್ನಿಸಿದರೆ ಮುಂದಿನದನ್ನು ಓದಿ.

ಬಿಡುವ ಮುಂಚೆ ಸ್ವಂತ ಆರೋಗ್ಯ ವಿಮೆ ಮಾಡಿಸಿಕೊಳ್ಳಿ. ಕಂಪನಿಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಹೊಸ ಪಾಲಿಸಿಯಲ್ಲಿ ಬಿಪಿ, ಶುಗರ್‌ನಂಥ ಹಳೆ ಕಾಯಿಲೆಗೆ 3 ವರ್ಷದವರೆಗೂ ಕಾಯಬೇಕಾಗಬಹುದು. ಕೆಲಸಕ್ಕೆ ಸೇರಿ 5 ವರ್ಷ ತುಂಬಲು ಮೂರು ತಿಂಗಳಷ್ಟೇ ಉಳಿದಿದ್ದರೆ ಹಲ್ಲು ಕಚ್ಚಿಕೊಂಡು ಇರಿ, ಆಗ ಕಂಪನಿ ಕೊಡುವ ಗ್ರಾಚ್ಯುಟಿ ಹಣ ಸುಮ್ನೆ ಬಿಡಬೇಡಿ. ಒಂದು ವರ್ಷದ ಮನೆಖರ್ಚು ಬೇರೆ ತೆಗೆದಿಡಿ.

ಅಟ್ಟ ಹತ್ತಿ ನೋಡಿ

ಹೋದ ಕೂಡಲೇ ಬ್ರ್ಯಾಂಡು, ಲೋಗೋ ಅಂತ ಶುರು ಮಾಡಬೇಡಿ. ಆರ್ಡರ್ ಜಾಸ್ತಿಯಾಗಿಯೇ ಮುಳುಗಿದವರನ್ನು ನಾನು ಇಲ್ಲಿ ಕಂಡಿದ್ದೇನೆ.

ಅಡಿಕೆ ಹಾಳೆ, ಅಂದರೆ ಅಡಿಕೆ ಸೋಗೆಯ ಬುಡದ ಅಗಲ ಭಾಗದಿಂದ ತಟ್ಟೆ ಮಾಡುವವರನ್ನೇ ತೆಗೆದುಕೊಳ್ಳಿ. ಒಳ್ಳೆ ಹಾಳೆ ಸಿಗುವುದು ಬೇಸಿಗೆಯಲ್ಲಿ. ಮಳೆ ಹಿಡಿದ ಮೇಲೆ ತೋಟದಲ್ಲಿ ಬಿದ್ದ ಹಾಳೆಗೆ ಕಪ್ಪು ಚುಕ್ಕೆ. ಹಾಗಾಗಿ ಮಳೆಗಾಲಕ್ಕೆ ಬೇಕಾದಷ್ಟೂ ಹಾಳೆಯನ್ನು ಮೇ ಒಳಗೇ ಕೊಂಡು, ಕಟ್ಟು ಕಟ್ಟಿ ಅಟ್ಟಕ್ಕೇರಿಸಬೇಕು. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: ತಿಂಗಳಿಗೆ 20,000 ಹಾಳೆ, ಒಂದಕ್ಕೆ 2 ರೂಪಾಯಿ. ಜೂನ್‌ನಿಂದ ನವೆಂಬರ್‌ವರೆಗೆ 2.4 ಲಕ್ಷ. ಆರ್ಡರ್ ಎರಡು ಪಟ್ಟಾದರೆ 4.8 ಲಕ್ಷ. ಇಷ್ಟೂ ದುಡ್ಡು ಒಂದು ತಟ್ಟೆ ಮಾರುವ ಮುಂಚೆಯೇ ಅಟ್ಟದ ಮೇಲೆ ಕೂತಿರುತ್ತದೆ.

ಒಬ್ಬ ಅಕ್ಕನಿಗೆ ಈ ಲೆಕ್ಕವನ್ನು ಅವರ ಹಾಲಿನ ಲೆಕ್ಕದ ಡೈರಿಯ ಹಿಂಪುಟದಲ್ಲೇ ಬರೆದು ತೋರಿಸಿದೆ. ಅವರು ಪೆನ್ನು ಕಸಿದುಕೊಂಡು ಇನ್ನೊಮ್ಮೆ ಕೂಡಿಸಿದರು. ಆಮೇಲೆ, ‘ಹಂಗಾರೆ ಎರಡನೇ ಮಷಿನ್‌ಗೆ ಸಾಲ ಈ ವರ್ಷ ಬ್ಯಾಡ’ ಎಂದರು. ನನ್ನ ಲೆಕ್ಕ ನೋಡಿ ಒಬ್ಬರು ಮನಸ್ಸು ಬದಲಿಸಿದ್ದನ್ನು ಆ 11 ವರ್ಷದಲ್ಲಿ ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ.

ಮಾರಿದ ಮೇಲೂ ದುಡ್ಡು ಬೇಗ ಬರುವುದಿಲ್ಲ. ಸಣ್ಣ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸರಕು ಕೊಂಡವರು ಸಣ್ಣ ತಯಾರಕರಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ. ಅದಕ್ಕೆ ತಯಾರಕರ ಹೆಸರಲ್ಲಿ ಕೇಂದ್ರ ಸರ್ಕಾರದ ‘ಉದ್ಯಮ್’ ನೋಂದಣಿ ಇರಬೇಕು. ಅದು ಉಚಿತ, ಮಧ್ಯವರ್ತಿಗೆ ದುಡ್ಡು ಕೊಡಬೇಕಿಲ್ಲ. ನಾನು ಮೊದಲ ದಿನ ಮಾಡಿಸುವುದು ಇದನ್ನೇ.

ಒಬ್ಬನೇ ಗಿರಾಕಿಗೆ ಎಷ್ಟು ಪಾಲು ಮಾರುತ್ತೀರಿ ಅಂತಲೂ ಕೇಳಿ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಾಳೆ ತಟ್ಟೆಗೆ ಅಡ್ಡಗಾಲು ಹಾಕಿತು. ಅಮೆರಿಕವನ್ನೇ ನಂಬಿದ್ದವರ ಪಾಡು ಏನಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮಿಡಿ ಕಲಿಸಿದ ಪಾಠ

ನಾನು ಎಡವಿದ್ದು ಅಪ್ಪೆಮಿಡಿ, ಅಂದರೆ ಎಳೆ ಮಾವಿನಕಾಯಿಯ ಉಪ್ಪಿನಕಾಯಿಯಲ್ಲಿ. ಮೂರು ವರ್ಷದ ಮಾರಾಟ ನೋಡಿ, ನಾಲ್ಕನೇ ವರ್ಷಕ್ಕೆ ಎರಡು ಪಟ್ಟು ಆರ್ಡರ್ ಹಿಡಿಯಿರಿ ಎಂದು ಒಬ್ಬರಿಗೆ ಹೇಳಿದೆ. ಅವರು ಭರಣಿ, ಬಾಟಲಿ, ಲೇಬಲ್ ಎಲ್ಲ ತಂದರು. ಮಾರ್ಚ್‌ನಲ್ಲಿ ಫೋನ್ ಬಂತು: ‘ಈ ಸಲ ಮರಕ್ಕೆ ಕಾಯೇ ಇಲ್ಲ ಮಾರಾಯ್ರೆ.’ ಮಾವಿನ ಮರ ಒಂದು ವರ್ಷ ಚೆನ್ನಾಗಿ ಬಿಟ್ಟರೆ ಇನ್ನೊಂದು ವರ್ಷ ಸುಮ್ಮನಿರುವುದುಂಟು. ಊರಿನ ಮಕ್ಕಳಿಗೂ ಗೊತ್ತಿರುವ ಸಂಗತಿ, ನನ್ನ ಎಕ್ಸೆಲ್ ಶೀಟಿಗೆ ಗೊತ್ತಿರಲಿಲ್ಲ. ಮುಂಗಡ ವಾಪಸ್ ಕೊಟ್ಟು, ಖಾಲಿ ಬಾಟಲಿ ಇಟ್ಟುಕೊಂಡು ಕೂತರು. ನನ್ನನ್ನು ಬೈಯಲಿಲ್ಲ, ಅದೇ ಕಷ್ಟವಾಗಿದ್ದು.

ಇಲ್ಲಿನವರಿಗೆ ವ್ಯಾಪಾರ ಹೊಸದಲ್ಲ. ಅಡಿಕೆ ಬೆಳೆಗಾರರ ಮಾರಾಟ ಸಹಕಾರ ಸಂಘ ಮ್ಯಾಮ್ಕೋಸ್ ಶುರುವಾಗಿದ್ದು 1939ರಲ್ಲಿ. ಅಡಿಕೆ ಬೇಯಿಸಿದ ಚೊಗರಿನಿಂದ ನೂಲಿಗೆ ಬಣ್ಣ ಕಟ್ಟುವ ಹೆಣ್ಣುಮಕ್ಕಳ ಸಹಕಾರ ಸಂಘ ‘ಚರಕ’ ಸಾಗರ ತಾಲ್ಲೂಕಿನ ಹೆಗ್ಗೋಡಿನ ಪಕ್ಕದಲ್ಲೇ ಇದೆ. ಒಮ್ಮೆ ಹೋಗಿ ನೋಡಿ ಬನ್ನಿ. ಯಾವುದೇ ಉದ್ದಿಮೆಗೆ ಮೊದಲ ತಿಂಗಳು ಸಲಹೆ ಕೊಡಬೇಡಿ, ಸುಮ್ಮನೆ ಕೇಳಿಸಿಕೊಳ್ಳಿ.

ಫೀಸು ಕೇಳಲು ನಾಚಬೇಡಿ

ಸಲಹೆ ಕೊಡಲು ಹೋದರೆ ಮಲೆನಾಡಿನಲ್ಲಿ ಕವಳದ (ಎಲೆ ಅಡಿಕೆಯ) ತಟ್ಟೆ ಮುಂದಿಡುತ್ತಾರೆ. ಊಟ ಹಾಕದೆ ಕಳಿಸುವುದಿಲ್ಲ. ಹೊರಡುವಾಗ ಕೈಗೆ ಜೋನಿಬೆಲ್ಲದ ಡಬ್ಬ. ಫೀಸಿನ ಮಾತು ಮಾತ್ರ ಇಬ್ಬರ ಬಾಯಿಂದಲೂ ಹೊರಡುವುದಿಲ್ಲ. ಎಂಟು ತಿಂಗಳು ನಾನು ಬೆಲ್ಲದಲ್ಲೇ ಕಳೆದೆ.

ತಿಂಗಳಿಗೆ ಇಷ್ಟು ಎಂದು ಮೊದಲೇ ಹೇಳಿಬಿಡಿ. ಅಡಿಕೆ ಮಾರಿದ ಮೇಲೆ ಕೊಡುತ್ತೇವೆ ಅಂದರೆ ಒಪ್ಪಿಕೊಳ್ಳಿ. ಇಲ್ಲಿ ಕೈಯಲ್ಲಿ ಕಾಸು ಆಡುವುದೇ ಕೊಯ್ಲಿನ ನಂತರ, ನಿಮ್ಮ ಮನೆಖರ್ಚನ್ನೂ ಅದಕ್ಕೇ ಹೊಂದಿಸಿ. ಸಲಹೆಯಿಂದ ಬರುವ ಆದಾಯ ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ, ಆ ಚಿಂತೆ ಈಗಲೇ ಬೇಡ.

ಶಿವಮೊಗ್ಗಕ್ಕೆ ಹೋದಾಗ ಗಾಂಧಿ ಬಜಾರಿನಲ್ಲಿ ಒಂದು ರಸೀದಿ ಪುಸ್ತಕ ಕೊಂಡುಕೊಳ್ಳಿ. ಎರಡನೇ ಭೇಟಿಯಲ್ಲಿ, ಕವಳದ ತಟ್ಟೆ ಬಂದಾಗ, ಅದನ್ನು ಚೀಲದಿಂದ ತೆಗೆದು ಪಕ್ಕದಲ್ಲಿಡಿ. ಮಾತು ತಾನಾಗಿಯೇ ಅಲ್ಲಿಗೆ ಬರುತ್ತದೆ.