ಫೈರ್‌ಪ್ಲೇಸ್ ಮೇಲೆ ಟಿವಿ: ಮೂರನೇ ಸಲಕ್ಕೆ ಸರಿಹೋಯಿತು

ಈ ಚಳಿಗಾಲ ಮುಗಿದರೆ ಮೂರಾಯಿತು. ಟಿವಿ ಫೈರ್‌ಪ್ಲೇಸ್ ಮೇಲೆಯೇ ಇದೆ. ಪರದೆಯಲ್ಲಿ ಒಂದು ಗೆರೆ ಬಿದ್ದಿಲ್ಲ, ಒಂದು ಚುಕ್ಕೆ ಸತ್ತಿಲ್ಲ. "ಒಂದೇ ಚಳಿಗಾಲಕ್ಕೆ ಸುಟ್ಟು ಹೋಗುತ್ತೆ ನೋಡು" ಎಂದವರೇ ಈಗ ಮನೆಗೆ ಬಂದು ಟೇಪ್ ಹಿಡಿದು ಅಳತೆ ತೆಗೆದುಕೊಂಡು ಹೋಗುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಡ್ರಿಲ್ ಹಿಡಿದು ಅಭ್ಯಾಸ ಇರುವವರಿಗಾಗಿ ಇದು. ವೆಸಾ ಅಳತೆ (ಟಿವಿ ಬೆನ್ನಿನ ಬೋಲ್ಟ್ ತೂತುಗಳ ಅಂತರ) ಅಂದರೇನು, ಲೆವೆಲ್ ಹೇಗೆ ನೋಡಬೇಕು ಎಂಬುದಕ್ಕೆಲ್ಲ ಹೋಗುವುದಿಲ್ಲ.

ಅಲ್ಲೇ ಯಾಕೆ ಅಂತ ಎಲ್ಲರೂ ಕೇಳಿದರು. ಹಾಲ್‌ನ ಒಂದು ಕಡೆ ಪೂರ್ತಿ ಕಿಟಕಿ, ಒಂದು ಕಡೆ ಮೆಟ್ಟಿಲು, ಇನ್ನೊಂದು ಕಡೆ ಎರಡು ಬಾಗಿಲು. ಉಳಿದದ್ದು ಚಿಮಣಿ ಗೋಡೆ ಒಂದೇ. ಅದರಲ್ಲಿ ಗಾಜಿನ ಬಾಗಿಲಿನ ಸೌದೆ ಒಲೆ ಕೂತಿದೆ. ಮೇಲಿನ ಜಾಲರಿಯಿಂದ ಬಿಸಿಗಾಳಿ ಹೊರಗೆ ಬರುವ ಜಾತಿಯದು. ಟಿವಿಗೆ ಇದಕ್ಕಿಂತ ಕೆಟ್ಟ ನೆರೆಮನೆ ಇಲ್ಲ ಅನ್ನಿ.

ನನ್ನ ಮೊದಲ ತಪ್ಪು, ಅಳೆಯದೆ ಶುರು ಮಾಡಿದ್ದು. 55 ಇಂಚಿನ ಟಿವಿ ತಂದ ಮಾರನೇ ದಿನವೇ ಅಗ್ಗದ ಬ್ರಾಕೆಟ್ ತಂದು ಗೋಡೆಗೆ ತೂತು ಹೊಡೆಯಲು ನಿಂತೆ. ಮೂರು ತೂತು ಚೆನ್ನಾಗಿ ಬಂದವು. ನಾಲ್ಕನೆಯದರಲ್ಲಿ ಕೆಂಪು ಪುಡಿ ಉದುರುತ್ತಿದ್ದದ್ದು ಇದ್ದಕ್ಕಿದ್ದಂತೆ ಕಪ್ಪಾಯಿತು. ಮಸಿ! ಚಿಮಣಿಯ ಮುಂದಿನ ಗೋಡೆ ಅಲ್ಲಿ ಒಂದೇ ಇಟ್ಟಿಗೆಯ ಅಗಲ, ಅಂದರೆ ಸುಮಾರು 10 ಸೆಂ.ಮೀ. ಮಾತ್ರ. ಡ್ರಿಲ್ ಬಿಟ್ಟಿಗೆ ಆಳದ ಗುರುತು ಹಾಕಿರಲಿಲ್ಲ. ನೇರ ಹೊಗೆ ದಾರಿಗೇ ಹೋಗಿದ್ದೆ.

ಇದು ಸಣ್ಣ ವಿಷಯ ಅಲ್ಲ. ಆ ತೂತಿನಿಂದ ಹಾಲ್‌ಗೆ ಕಾರ್ಬನ್ ಮೊನಾಕ್ಸೈಡ್ ಬರಬಹುದು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅಂದೇ ಕೆಲಸ ನಿಲ್ಲಿಸಿದೆ. ಬೆಂಕಿ ತಡೆಯುವ ಗಾರೆಯಿಂದ ತೂತು ಮುಚ್ಚಿಸಿದೆ. ಚಿಮಣಿ ಕೆಲಸದವರನ್ನು ಕರೆಸಿ ಹೊಗೆ ಬಿಟ್ಟು ಪರೀಕ್ಷೆ ಮಾಡಿಸಿದೆ. ಹಾಲ್‌ನಲ್ಲಿ ಒಂದು, ಮಹಡಿಯಲ್ಲಿ ಒಂದು ಅಲಾರಂ ಹಾಕಿದೆ. ಬ್ರಾಕೆಟ್‌ಗೆ ಕೊಟ್ಟಿದ್ದರ ನಾಲ್ಕೈದು ಪಟ್ಟು ದುಡ್ಡು ಆ ಒಂದು ತೂತಿಗೆ ಹೋಯಿತು. ಒಲೆ ಆಮೇಲೆ ಎರಡು ವಾರ ಹಚ್ಚಲಿಲ್ಲ. ಅಮ್ಮ ಏನೂ ಅನ್ನಲಿಲ್ಲ, ಶಾಲು ಹೊದ್ದು ಕೂತಿದ್ದರು. ಅದನ್ನು ನೋಡುವುದೇ ಕಷ್ಟ ಆಯಿತು.

ಆಮೇಲೆ ಬುದ್ಧಿ ಬಂತು. ಟಿವಿಯನ್ನು ಪೆಟ್ಟಿಗೆಗೆ ವಾಪಸ್ ಹಾಕಿ, ಮೊದಲು ಅಳತೆ ಶುರು ಮಾಡಿದೆ. ಟಿವಿ ಅಳತೆಗೇ ರಟ್ಟು ಕತ್ತರಿಸಿದೆ, ಅಗಲ 123, ಎತ್ತರ 71 ಸೆಂ.ಮೀ. ಗೋಡೆಗೆ ಅಂಟಿಸಿ ನಾಲ್ಕು ರಾತ್ರಿ ಅದರ ಮುಂದೆ ಕೂತೆ. ಸುಮ್ನೆ ಕೂರಲಿಲ್ಲ, ರಟ್ಟಿನ ನಡುವೆ ಪುಟ್ಟ ಟ್ಯಾಬ್ ಸಿಕ್ಕಿಸಿ ಅದರಲ್ಲೇ ಎರಡೆರಡು ಗಂಟೆ ನೋಡಿದೆ. ನಡುಭಾಗ ನೆಲದಿಂದ 180 ಸೆಂ.ಮೀ. ಇದ್ದಾಗ ಎರಡನೇ ರಾತ್ರಿಗೇ ಕತ್ತು ಹಿಡಿಯಿತು. ಲೆಕ್ಕವೂ ಅದನ್ನೇ ಹೇಳುತ್ತದೆ. ಕೂತಾಗ ನನ್ನ ಕಣ್ಣು 105ರ ಹತ್ತಿರ. ಸೋಫಾ 2.6 ಮೀಟರ್ ದೂರ. ಹಾಗಾದರೆ 16 ಡಿಗ್ರಿ ಮೇಲೆ ನೋಡಬೇಕು. 15 ದಾಟಿದರೆ ಕಷ್ಟ ಅಂತ ಈ ಕೆಲಸದವರೆಲ್ಲ ಹೇಳುತ್ತಾರೆ, ನನ್ನ ಕತ್ತೂ ಒಪ್ಪಿತು. ನಡುಭಾಗ 160ಕ್ಕೆ ಇಳಿಸಿ, ಸೋಫಾವನ್ನು 3.3 ಮೀಟರ್‌ಗೆ ಹಿಂದೆ ತಳ್ಳಿದೆ. ಒಂಬತ್ತೂವರೆ ಡಿಗ್ರಿ. ಬೆನ್ನು ಸ್ವಲ್ಪ ಒರಗಿಸಿದರೆ ಗೊತ್ತೇ ಆಗುವುದಿಲ್ಲ.

ಎತ್ತರ ತೀರ್ಮಾನ ಆಯಿತು. ಆದರೆ ಕೆಳಗೆ ಇಳಿಸಿದಷ್ಟೂ ಬಿಸಿ ಜಾಸ್ತಿ, ಅಲ್ವಾ? ಅಸಲಿ ಕೆಲಸ ಶುರುವಾದದ್ದು ಇಲ್ಲಿಂದ.

ಹೆಚ್ಚಿನ ಟಿವಿಗಳ ಪುಸ್ತಕದಲ್ಲಿ ಸುತ್ತಲಿನ ಗಾಳಿ 40 ಡಿಗ್ರಿ ದಾಟಬಾರದು ಅಂತ ಇರುತ್ತದೆ. ಟಿವಿಯೂ ತನ್ನದೇ ಬಿಸಿ ಬಿಡುತ್ತದೆ. ಅದಕ್ಕೆ ನಾನು 35ಕ್ಕೇ ಗೆರೆ ಎಳೆದುಕೊಂಡೆ. ತಂತಿ ತುದಿಯ ಐದು ಥರ್ಮಾಮೀಟರ್ ತಂದು ರಟ್ಟಿನ ನಾಲ್ಕು ಮೂಲೆ ಮತ್ತು ಕೆಳ ಅಂಚಿನ ನಡುವೆ, ಗೋಡೆಯಿಂದ ಎರಡು ಬೆರಳು ಮುಂದೆ ನೇತು ಹಾಕಿದೆ. ಒಲೆಯ ಶಾಖ ನೇರ ಬಡಿಯದ ಹಾಗೆ ತುದಿಗಳಿಗೆ ಚೂರು ಅಲ್ಯುಮಿನಿಯಂ ಹಾಳೆ ಮರೆ ಕಟ್ಟಿದೆ. ಮೂರು ಗಂಟೆ ಜೋರಾಗಿ ಒಲೆ ಉರಿಸಿದ ಮೇಲೆ ಕೆಳ ಅಂಚಿನಲ್ಲಿ 56–57. ಮೂರು ಗಂಟೆ ಯಾಕೆಂದರೆ, ಒಂದು ಗಂಟೆಗೆ ನೋಡಿದರೆ ಮೋಸ ಹೋಗುತ್ತೀರಿ. ಇಟ್ಟಿಗೆ ಗೋಡೆ ನಿಧಾನವಾಗಿ ಕಾಯುತ್ತದೆ, ಬೆಂಕಿ ಆರಿದ ಮೇಲೂ ಬಿಡುತ್ತಲೇ ಇರುತ್ತದೆ.

ಮ್ಯಾಂಟಲ್ ಹಲಗೆ, ಅಂದರೆ ಒಲೆಯ ಮೇಲೆ ಗೋಡೆಯಿಂದ ಚಾಚಿದ ಹಲಗೆ, ಹಾಕಿದರೆ ಬಿಸಿಗಾಳಿ ಮುಂದಕ್ಕೆ ತಿರುಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. 15 ಸೆಂ.ಮೀ. ಅಗಲದ ಒಳ್ಳೆಯ ಮರದ ಹಲಗೆ ಮಾಡಿಸಿದೆ. ಕೇಬಲ್ ಇಳಿಸಲು ಹಿಂದೆ, ಗೋಡೆಗೂ ಹಲಗೆಗೂ ನಡುವೆ ಒಂದು ಬೆರಳು ಸಂದು ಬಿಟ್ಟೆ. ಉರಿಸಿ ನೋಡಿದರೆ 61! ಹಲಗೆ ಇಲ್ಲದಾಗ ಇದ್ದದ್ದಕ್ಕಿಂತ ಜಾಸ್ತಿ. ನನಗೆ ನಂಬಿಕೆಯೇ ಬರಲಿಲ್ಲ. ಥರ್ಮಾಮೀಟರ್ ಅದಲು ಬದಲು ಮಾಡಿದೆ, ಅದೇ ಅಂಕಿ.

ಕೊನೆಗೆ ಊದುಬತ್ತಿ ಹಚ್ಚಿ ಹಲಗೆ ಕೆಳಗೆ ಹಿಡಿದೆ. ಆಗ ಕಣ್ಣಿಗೆ ಕಂಡಿತು. ಹೊಗೆ ಮುಂದಕ್ಕೆ ಬರಲೇ ಇಲ್ಲ. ಆ ಒಂದು ಬೆರಳು ಸಂದಿನಲ್ಲಿ ನುಗ್ಗಿ ಟಿವಿ ಬೆನ್ನಿಗೆ ನೇರ ಹೋಗುತ್ತಿತ್ತು. ನಾನೇ ಕೈಯಾರೆ ಟಿವಿ ಹಿಂದೆ ಇನ್ನೊಂದು ಚಿಮಣಿ ಕಟ್ಟಿದ್ದೆ. ನೀವು ಹಲಗೆ ಹಾಕಿಸಿದ್ದರೆ ಇವತ್ತೇ ಊದುಬತ್ತಿ ಹಿಡಿದು ನೋಡಿ. ಕೇಬಲ್‌ಗೆ ಅಂತ ಬಿಟ್ಟ ತೂತು, ಮೂಲೆಯ ಸೀಳು, ಎಲ್ಲ ಗೊತ್ತಾಗುತ್ತದೆ.

ಸಂದು ಮುಚ್ಚಿದ ಮೇಲೆ 46ಕ್ಕೆ ಇಳಿಯಿತು. ಒಳ್ಳೆಯದೇ, ಆದರೆ ಸಾಲದು. ಅಷ್ಟರಲ್ಲಿ ಹಲಗೆಯ ಅಡಿಭಾಗದ ವಾರ್ನಿಶ್ ಕಪ್ಪಾಗಿ ಗಬ್ಬು ವಾಸನೆ ಬರಲು ಶುರುವಾಯಿತು. ಮರ ಹೀಗೆ ತಿಂಗಳುಗಟ್ಟಲೆ ಬೇಯುತ್ತಿದ್ದರೆ ಕಡಿಮೆ ಬಿಸಿಗೇ ಹೊತ್ತಿಕೊಳ್ಳುವ ಹಾಗಾಗುತ್ತದೆ. ಅಂಥ ಹಲಗೆ ಒಂದು ದಿನವೂ ಇರಬಾರದು ಅಂತ ಅವತ್ತೇ ಕಿತ್ತೆ. ಅದರ ದುಡ್ಡೂ ದಂಡ.

ಈ ಹೊತ್ತಿಗೆ ಭಾವ ಬಂದು ನೋಡಿ, "ಸಾಕು ಬಿಡಪ್ಪ, ಗೋಡೆಗೆ ಒಂದು ಒಳ್ಳೆ ಫೋಟೋ ಹಾಕು" ಎಂದರು. ಬ್ರಾಕೆಟ್ ಹಾಕುವ ಒಬ್ಬರಂತೂ ಮನೆಗೆ ಬಂದು, ಗೋಡೆ ಮುಟ್ಟಿ ನೋಡಿ, ಕೆಲಸ ಬೇಡ ಎಂದು ಹೊರಟೇ ಹೋದರು. ಅವರು ಹೇಳಿದ್ದು ತಪ್ಪಲ್ಲ. ಮುಟ್ಟಿ ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ನನ್ನ ಹತ್ತಿರ ಅಂಕಿ ಇತ್ತು. 61 ಇದ್ದದ್ದು ಒಂದು ಸಂದು ಮುಚ್ಚಿದ್ದಕ್ಕೆ 46 ಆಗಿದೆ ಅಂದರೆ, ಇನ್ನೂ ಹನ್ನೊಂದು ಇಳಿಸುವುದು ಕೈಲಾಗದ ಕೆಲಸ ಅಲ್ಲ ಅನ್ನಿಸಿತು.

ಎರಡನೇ ಹಲಗೆ ಕಲ್ಲಿನದು. ಉಕ್ಕಿನ ಆಂಗಲ್ ಮೇಲೆ ಕೂರಿಸಿದ, 28 ಸೆಂ.ಮೀ. ಮುಂದೆ ಚಾಚಿದ ಕಲ್ಲಿನ ಚಪ್ಪಡಿ. 28 ಯಾಕೆ ಅಂತ ಹೇಳುತ್ತೇನೆ. ಬಿಸಿಗಾಳಿ ಹಲಗೆಯ ಮುಂದಿನ ಅಂಚು ದಾಟಿ ಮತ್ತೆ ಗೋಡೆ ಕಡೆಗೇ ಸುತ್ತಿಕೊಳ್ಳುತ್ತದೆ. ಟಿವಿಯ ಮುಖ ಆ ಅಂಚಿಗಿಂತ ಸಾಕಷ್ಟು ಒಳಗೆ ಇರಬೇಕು. ನಾನು ಆರಿಸಿದ ಬ್ರಾಕೆಟ್ ದಪ್ಪ, ಟಿವಿ ಸೇರಿ ಮುಖ ಗೋಡೆಯಿಂದ 20ಕ್ಕೆ ಬರುತ್ತದೆ. ಅಲ್ಲಿಗೆ ಎಂಟು ಸೆಂ.ಮೀ. ಉಳಿಯಿತು. ಚಪ್ಪಡಿ ಕೆಳಗೆ ತೆಳು ಉಕ್ಕಿನ ತಗಡನ್ನು ಮುಂದಕ್ಕೆ ಓರೆಯಾಗಿ ಕಟ್ಟಿದೆ. ಕಲ್ಲಿಗೂ ತಗಡಿಗೂ ನಡುವೆ ಗಾಳಿ ಓಡಾಡಲು ಜಾಗ ಇದೆ. ತಗಡಿನ ಓರೆ ಎಷ್ಟು, ಅಂಚನ್ನು ಹೇಗೆ ಮಡಿಸಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಆರು ತಗಡು ಹಾಳು ಮಾಡಿ ಕಲಿತದ್ದು ಅದು. ಊದುಬತ್ತಿ ಇದ್ದರೆ ನಿಮಗೂ ಸಿಗುತ್ತದೆ.

ಫಲ: ಕೆಳ ಅಂಚಿನಲ್ಲಿ 34, ಮೇಲಿನ ಮೂಲೆಗಳಲ್ಲಿ 31–32. ಹೊರಗೆ ಕೊರೆಯುವ ಚಳಿ, ಒಲೆ ತುಂಬ ಸೌದೆ, ನಾಲ್ಕು ಗಂಟೆ ಉರಿದ ಮೇಲಿನ ಅಂಕಿ ಇದು. ಮಾರನೇ ದಿನ ಮತ್ತೆ ಉರಿಸಿದೆ, ಅಂಕಿ ಅಷ್ಟೇ ಬಂತು. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ನಡುವೆ ಒಂದು ವಾರ ಗನ್ ಥರ್ಮಾಮೀಟರ್ ಜೊತೆ ಕಳೆದೆ, ಅದನ್ನೂ ಹೇಳಿಬಿಡುತ್ತೇನೆ. ಹೊಳೆಯುವ ತಗಡಿಗೆ ಗುರಿಯಿಟ್ಟರೆ 40ರ ಹತ್ತಿರ ತೋರಿಸುತ್ತಿತ್ತು. ಕೈ ಇಟ್ಟರೆ ಬೊಬ್ಬೆ ಬರುವ ಹಾಗಿತ್ತು! ಹೊಳೆಯುವ ಲೋಹ ತನ್ನ ಬಿಸಿ ತೋರಿಸುವುದಿಲ್ಲ, ಎದುರಿನ ಗೋಡೆಯದನ್ನೇ ಕನ್ನಡಿ ಹಾಗೆ ತೋರಿಸುತ್ತದೆ. ಒಂದು ಚೂರು ಕಾಗದದ ಟೇಪ್ ಅಂಟಿಸಿ ಅದರ ಮೇಲೆ ನೋಡಿದರೆ 70 ದಾಟಿತು. ಗನ್ ನಂಬಿ ತೀರ್ಮಾನ ಮಾಡುವವರು ಇದನ್ನು ನೆನಪಿಡಿ. ಚಪ್ಪಡಿ ಹಿಂದೆ ಪುಟ್ಟ ಕಂಪ್ಯೂಟರ್ ಫ್ಯಾನ್ ಇಟ್ಟೂ ನೋಡಿದೆ. ಎರಡು ಡಿಗ್ರಿ ಇಳಿಯಿತು, ಗುಂಯ್ ಸದ್ದು ರಾತ್ರಿಯೆಲ್ಲ ಕೇಳಿತು. ತೆಗೆದೆ. ಭಾವನ ಮನೆಯಲ್ಲಿ ಟಿವಿಗೆ ಅಂತ ಗೋಡೆಯೊಳಗೆ ಗೂಡು ಮಾಡಿಸಿದ್ದಾರೆ. ಅಲ್ಲೂ ನನ್ನ ಥರ್ಮಾಮೀಟರ್ ಕಟ್ಟಿದೆ. 49. ಬಿಸಿಗಾಳಿ ಗೂಡಿನ ಮೇಲ್ಭಾಗದಲ್ಲಿ ಸಿಕ್ಕಿಹಾಕಿಕೊಂಡು ಕೂರುತ್ತದೆ. ನೋಡಲು ಚೆಂದ, ಟಿವಿಗೆ ಒಳ್ಳೆಯದಲ್ಲ.

ಇನ್ನು ಗೋಡೆಗೆ ಹಿಡಿಸಿದ್ದು. ಅಂಟು ಹಾಕಿ ಕೂರಿಸುವ ಆಂಕರ್ (ಗೋಡೆಯ ತೂತಿನಲ್ಲಿ ಬೋಲ್ಟ್ ಹಿಡಿದಿಡುವಂಥದ್ದು) ಗಟ್ಟಿ ಅಂತ ಕೆಲವರು ಹೇಳಿದರು. ಬಿಸಿ ಗೋಡೆಯಲ್ಲಿ ಆ ಅಂಟಿನ ಹಿಡಿತ ಕಡಿಮೆಯಾಗುತ್ತದೆ, ಬೇಡ ಅಂತ ಬಿಟ್ಟೆ. ಉಕ್ಕಿನ ಸ್ಲೀವ್ ಆಂಕರ್ ಹಾಕಿದೆ. ಇಟ್ಟಿಗೆಯ ನಡುವೆ ಮಾತ್ರ, ಗಾರೆಯ ಸಾಲಿನಲ್ಲಿ ಒಂದೂ ಇಲ್ಲ. ಹಳೆಯ ಗಾರೆ ಪುಡಿಯಾಗಿ ಆಂಕರ್ ಸುಮ್ನೆ ತಿರುಗುತ್ತದೆ, ಮೊದಲನೇ ಸಲ ಅದೂ ಆಗಿತ್ತು. ಈ ಸಲ ಬಿಟ್ಟಿಗೆ 6 ಸೆಂ.ಮೀ.ಗೆ ಟೇಪ್ ಸುತ್ತಿದ್ದೆ. ಡ್ರಿಲ್‌ನ ಹ್ಯಾಮರ್ ಬಡಿತ ಬಂದ್ ಮಾಡಿ ನಿಧಾನವಾಗಿ ಕೊರೆದೆ, ಪ್ರತಿ ತೂತಿಗೂ ಪುಡಿಯ ಬಣ್ಣ ನೋಡಿದೆ. ಕಡೆಯ ತೂತಿನವರೆಗೂ ಕೆಂಪೇ.

ಬ್ರಾಕೆಟ್ ಕೆಳಗೆ ಎಳೆದುಕೊಳ್ಳುವ ಜಾತಿಯದು, ಗ್ಯಾಸ್ ಸ್ಪ್ರಿಂಗ್ ಇರುವಂಥದ್ದು. ಬೆಲೆ ಟಿವಿಯ ಅರ್ಧಕ್ಕಿಂತ ಜಾಸ್ತಿ. ಮನೆಯವಳು ಎರಡು ಸಲ ಕೇಳಿದಳು, ಇದು ಬೇಕೇ ಬೇಕಾ ಅಂತ. ಅಮ್ಮ ಕೂರುವುದು ತಗ್ಗಿನ ಕುರ್ಚಿಯಲ್ಲಿ, ಹಗಲು ಹೊತ್ತು ಒಲೆ ಇಲ್ಲದಾಗ. ಆಗ ಟಿವಿಯನ್ನು ಕಣ್ಣಿನ ಮಟ್ಟಕ್ಕೇ ಎಳೆದುಕೊಳ್ಳಬಹುದು. ಬೆಂಕಿ ಇದ್ದಾಗ ಎಳೆಯುವಂತೆಯೇ ಇಲ್ಲ, ನೇರ ಬಿಸಿಗಾಳಿಯ ದಾರಿಗೇ ಬರುತ್ತದೆ. ಮಕ್ಕಳು ಮರೆತು ಎಳೆಯಬಾರದು ಅಂತ ಸಣ್ಣ ಪಿನ್ ಬೀಗ ಮಾಡಿದ್ದೇನೆ. ಒಲೆಯ ಬಾಗಿಲ ಹಿಡಿಕೆ ಮತ್ತು ಆ ಪಿನ್ ಒಂದೇ ಕೊಕ್ಕೆಯಲ್ಲಿ ನೇತಾಡುತ್ತವೆ. ಹಿಡಿಕೆ ತೆಗೆಯಲು ಹೋದರೆ ಪಿನ್ ಕೈಗೆ ಬಂದೇ ಬರುತ್ತದೆ, ಮೊದಲು ಅದನ್ನು ಹಾಕಿಯೇ ಸೌದೆ ಹಚ್ಚುವುದು. ಈ ಉಪಾಯ ಬ್ರಾಕೆಟ್ ಮಾಡಿದವರಿಗೂ ಹೊಳೆದಿರಲಿಲ್ಲ.

ಎಲ್‌ಸಿಡಿ ಪರದೆ ಕೆಳಗಿನಿಂದ ನೋಡಿದರೆ ಸ್ವಲ್ಪ ಬೂದಾಗಿ ಕಂಡಿತು. ಸುಮಾರು 8 ಡಿಗ್ರಿ ಮುಂದಕ್ಕೆ ಬಾಗಿಸಿದೆ, ಕಪ್ಪು ಮತ್ತೆ ಕಪ್ಪಾಯಿತು. ಎಚ್‌ಡಿಎಂಐ ಕೇಬಲ್ ಎರಡು ಸಲ ಕೊಂಡೆ. ಪಕ್ಕದ ಗೋಡೆಯಿಂದ ಸುತ್ತಿ ತರಲು 8 ಮೀಟರ್ ಬೇಕಿತ್ತು. ಸಾದಾ ತಾಮ್ರದ್ದರಲ್ಲಿ 4ಕೆ ಚಿತ್ರ ಆಗಾಗ ಹಾರುತ್ತಿತ್ತು. ಆಪ್ಟಿಕಲ್ ಹಾಕಿದ ಮೇಲೆ ನಿಂತಿತು. ಸೌಂಡ್‌ಬಾರ್ ಟಿವಿ ಕೆಳಗೆ ಹಾಕಲಿಲ್ಲ, ಅಲ್ಲೇ ಎಲ್ಲಕ್ಕಿಂತ ಬಿಸಿ. ಹಳೆಯ ಎರಡು ಸ್ಪೀಕರ್‌ಗಳನ್ನು ಒಲೆಯಿಂದ ದೂರ, ಕಿವಿ ಎತ್ತರಕ್ಕೆ ಎರಡು ಬದಿಗೆ ಇಟ್ಟೆ. ಮಾತು ಇನ್ನೂ ಚೆನ್ನಾಗಿ ಕೇಳುತ್ತದೆ.

ಒಟ್ಟು ಲೆಕ್ಕ ಹಾಕಿದರೆ ಟಿವಿ ಬೆಲೆಯ ಒಂದೂವರೆ ಪಟ್ಟು ಗೋಡೆಗೇ ಹೋಗಿದೆ. ಅದರಲ್ಲಿ ಮೂರರಲ್ಲಿ ಒಂದು ಪಾಲು ನನ್ನ ತಪ್ಪುಗಳಿಗೆ. ಮೊದಲೇ ರಟ್ಟು, ಥರ್ಮಾಮೀಟರ್, ಊದುಬತ್ತಿ ಹಿಡಿದಿದ್ದರೆ ಅಷ್ಟೂ ಉಳಿಯುತ್ತಿತ್ತು. ತೆರೆದ ಒಲೆಯಿದ್ದು ಹೊಗೆ ಕೋಣೆಗೆ ತಪ್ಪಿಸಿಕೊಂಡು ಬರುತ್ತಿದ್ದರೆ ಅಲ್ಲಿ ಟಿವಿ ಬೇಡವೇ ಬೇಡ, ಮಸಿ ಒಳಗೆ ಹೋಗುತ್ತದೆ. ಹಲಗೆ ಹಾಕಿದ ಮೇಲೂ 40 ದಾಟುತ್ತಿದ್ದರೆ ನಾನೂ ಫೋಟೋ ಹಾಕಿ ಸುಮ್ಮನಾಗುತ್ತಿದ್ದೆ.

ಪ್ರತಿ ಚಳಿಗಾಲದ ಮೊದಲು ನಾಲ್ಕೂ ಬೋಲ್ಟ್ ಬಿಗಿ ನೋಡುತ್ತೇನೆ. ಟಿವಿ ಬೆನ್ನಿಗೆ ಒಂದು ಥರ್ಮಾಮೀಟರ್ ಹಾಗೇ ಬಿಟ್ಟಿದ್ದೇನೆ, ಅದರ ಅಂಕಿ ಬದಿಯಿಂದ ಕಾಣುತ್ತದೆ. ನಿನ್ನೆ ರಾತ್ರಿ 33 ಇತ್ತು. ಭಾವ ತಮ್ಮ ಗೂಡು ಒಡೆಸಿ ಚಪ್ಪಡಿಗೆ ಹೇಳಿದ್ದಾರೆ. ಮುಂದಿನ ವಾರ ತಗಡು ಮಡಿಸಿಕೊಡಲು ಹೋಗಬೇಕು.