ಪುಣೆಯಲ್ಲಿ ಸಾಲಿಡ್ ಆಕ್ಸೈಡ್ ಸೆಲ್ ಮಾಡುವುದಾದರೆ

ಬೆಳಗಾವಿ, ಧಾರವಾಡ ಕಡೆಯಿಂದ ಪುಣೆಗೆ ಬಂದು ಲ್ಯಾಬ್ ಸೇರಿದ ನಮ್ಮ ಹುಡುಗರು ಮೊದಲು ಕೇಳುವುದೇ ಸೆಲ್‌ಗಳನ್ನು ಒಂದರ ಮೇಲೊಂದು ಜೋಡಿಸಿದ ದೊಡ್ಡ ಸ್ಟ್ಯಾಕ್ ಬಗ್ಗೆ. ಅದು ಆಮೇಲೆ. ನಾಣ್ಯದಷ್ಟು ಅಗಲದ ಬಟನ್ ಸೆಲ್ ಒಂದನ್ನು ಸೋರದಂತೆ ನಡೆಸಲು ಕಲಿಯಿರಿ. ಇದು ಹೆಚ್ಚು ಬಿಸಿಯಲ್ಲಿ ನಡೆಯುವ ಸೆರಾಮಿಕ್ ಸೆಲ್. ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ಗಾಳಿ ಬಿಟ್ಟರೆ ಕರೆಂಟ್ ಬರುತ್ತದೆ, ಹಬೆ ಬಿಟ್ಟು ಕರೆಂಟ್ ಹರಿಸಿದರೆ ಹೈಡ್ರೋಜನ್ ಬರುತ್ತದೆ, ಎರಡೂ ಅದೇ ಸೆಲ್ಲಿನಲ್ಲಿ.

ನಿಕಲ್ ಆಕ್ಸೈಡ್ ಮತ್ತು ವೈಎಸ್‌ಝೆಡ್ (ಯಿಟ್ರಿಯಾ ಸೇರಿಸಿದ ಝಿರ್ಕೋನಿಯಾ ಸೆರಾಮಿಕ್) ಬೆರೆಸಿದ ದಪ್ಪ ಬಿಲ್ಲೆ, ಅದರ ಮೇಲೆ ಸುಮಾರು 10 ಮೈಕ್ರಾನ್ ವೈಎಸ್‌ಝೆಡ್. ಎರಡನ್ನೂ ಒಟ್ಟಿಗೆ 1400 ಡಿಗ್ರಿ ಆಸುಪಾಸಿನಲ್ಲಿ ಸುಡಿ. ಗಾಳಿಯ ಕಡೆ ಎಲ್‌ಎಸ್‌ಸಿಎಫ್ (ಲ್ಯಾಂಥನಂ, ಸ್ಟ್ರಾನ್ಷಿಯಂ, ಕೋಬಾಲ್ಟ್, ಕಬ್ಬಿಣ ಇರುವ ಆಕ್ಸೈಡ್) ಹಚ್ಚುವುದಾದರೆ ನಡುವೆ ಜಿಡಿಸಿ (ಗ್ಯಾಡೋಲಿನಿಯಂ ಸೇರಿಸಿದ ಸೀರಿಯಾ) ಪದರ ಬೇಕೇ ಬೇಕು. ಇಲ್ಲದಿದ್ದರೆ ಸ್ಟ್ರಾನ್ಷಿಯಂ ಹೋಗಿ ಝಿರ್ಕೋನಿಯಾ ಜೊತೆ ಸೇರಿಕೊಂಡು ಆಕ್ಸಿಜನ್ ಅಯಾನುಗಳ ದಾರಿ ಮುಚ್ಚುತ್ತದೆ. ಮಳೆಗಾಲದಲ್ಲಿ ಪುಡಿಯನ್ನು ಒಣಗಿಸಿಯೇ ತೂಗಿ.

ನಿಜವಾದ ಕಷ್ಟ ಹೈಡ್ರೋಜನ್, ಗಾಳಿ ಎರಡೂ ಬೆರೆಯದಂತೆ ತಡೆಯುವ ಗಾಜಿನ ಸೀಲ್‌ನದು. ನಿಮಿಷಕ್ಕೆ ಒಂದೆರಡು ಡಿಗ್ರಿಯಂತೆ ಬಿಸಿ ನಿಧಾನ ಏರಿಸಿ, ಸೀಲ್ ಕೂತ ಮೇಲೆ 800 ಡಿಗ್ರಿಯಲ್ಲಿ ನೈಟ್ರೋಜನ್ ಜೊತೆ ಹೈಡ್ರೋಜನ್ ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡುತ್ತಾ ಹೋಗಿ. ಹಸಿರು ಬಿಲ್ಲೆ ಒಳಗೆ ಬೂದು ಬಣ್ಣದ ನಿಕಲ್ ಆಗುತ್ತದೆ. ಆಮೇಲೆ ಹೈಡ್ರೋಜನ್ನನ್ನು 25 ಡಿಗ್ರಿ ನೀರಿನ ಮೂಲಕ ಹಾಯಿಸಿ. ಅದರಲ್ಲಿ ಸುಮಾರು 3% ಹಬೆ ಸೇರುತ್ತದೆ, ಕರೆಂಟ್ ಎಳೆಯದೆ ಇದ್ದಾಗ ಮೀಟರ್ 1.1 ವೋಲ್ಟ್ ತೋರಿಸಬೇಕು. 0.95 ತೋರಿಸಿದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಕರೆಂಟ್ ಎಳೆದು ಗ್ರಾಫ್ ಬರೆಯುವ ಆಸೆ ಬಿಡಿ, ಸೀಲ್ ಸರಿ ಮಾಡಿ.

ಸೆಲ್ಲಿನಿಂದ ಕರೆಂಟ್ ಎಳೆಯುವಾಗ 0.7 ವೋಲ್ಟ್‌ಗಿಂತ ಕೆಳಗೆ ಇಳಿಸಬೇಡಿ. ಹೈಡ್ರೋಜನ್ ಮಾಡುವಾಗ ಅರ್ಧದಷ್ಟು ಹಬೆ ಬೇಕು. ಮುಂಬೈಯಲ್ಲಾದರೆ ನೀರು 81 ಡಿಗ್ರಿ ದಾಟಬೇಕು, ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ ಅಲ್ವಾ, ಗಾಳಿಯ ಒತ್ತಡ ಕಡಿಮೆ, ಇಲ್ಲಿ 80 ಸಾಕು. ನೀರಿನಿಂದ ಸೆಲ್ಲಿಗೆ ಹಬೆ ಒಯ್ಯುವ ಪೈಪಿಗೆ ಉದ್ದಕ್ಕೂ ಹೀಟಿಂಗ್ ಟೇಪ್ ಸುತ್ತಿ. ಒಂದು ಕಡೆ ತಣ್ಣಗಿದ್ದರೂ ಹಬೆ ಹನಿಗಟ್ಟಿ ವೋಲ್ಟೇಜ್ ಕುಣಿಯುತ್ತದೆ. 1.29 ವೋಲ್ಟ್ ಹತ್ತಿರ ನಡೆಸಿದರೆ ಸೆಲ್ ತಾನಾಗಿ ಬಿಸಿಯೂ ಆಗುವುದಿಲ್ಲ, ತಣ್ಣಗೂ ಆಗುವುದಿಲ್ಲ. ಹಬೆ ಮಾಡುವ ಖರ್ಚು ಬಿಟ್ಟರೆ ಆಗ ಒಂದು ಕೆಜಿ ಹೈಡ್ರೋಜನ್‌ಗೆ ಸುಮಾರು 34 ಯೂನಿಟ್ ಕರೆಂಟ್.

ಗಾಳಿಯಲ್ಲಿ 4% ಹೈಡ್ರೋಜನ್ ಸೇರಿದರೆ ಸಾಕು, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಸಿಲಿಂಡರ್ ಹೊರಗಿರಲಿ, ಡಿಟೆಕ್ಟರ್ ಚಾವಣಿಯ ಹತ್ತಿರ ಇರಲಿ. ಕರೆಂಟ್ ಹೋದಾಗ ಹೈಡ್ರೋಜನ್ ನಿಂತು ಗಾಳಿ ನುಗ್ಗಿದರೆ ನಿಕಲ್ ಮತ್ತೆ ಆಕ್ಸೈಡ್ ಆಗಿ ಉಬ್ಬಿ, ಮೇಲಿನ ತೆಳು ಪದರವನ್ನೇ ಸೀಳುತ್ತದೆ. ಅದಕ್ಕೇ ಕರೆಂಟ್ ಹೋದ ಕೂಡಲೇ ತಾನಾಗಿ ತೆರೆಯುವ ವಾಲ್ವ್ ಹಾಕಿ, 5% ಹೈಡ್ರೋಜನ್ ಇರುವ ನೈಟ್ರೋಜನ್ ಹರಿಯುವಂತೆ ಮಾಡಿ. ಪುಣೆಯಲ್ಲಿ ರಿಪೇರಿಗೆ ಕರೆಂಟ್ ತೆಗೆಯುವುದು ಹೆಚ್ಚಾಗಿ ಗುರುವಾರ. ಬುಧವಾರ ಸಂಜೆ ಹೊಸ ಸೆಲ್ ಬಿಸಿಗೆ ಇಡಬೇಡಿ.